ಸೋಡಿಯಂ ರಿಪೋರ್ಟು ಹೇಳುವುದು ನೀರಿನ ಲೆಕ್ಕ

ನಮ್ಮ ಬಡಾವಣೆಯ ಹಿರಿಯ ನಾಗರಿಕರ ಬಳಗದಲ್ಲಿ ಒಂದು ಭಾನುವಾರ ಬೆಳಿಗ್ಗೆ ಮಾಡಿದ ಉಪನ್ಯಾಸ ಇದು. ಆ ದಿನ ಬರಲಾಗದ ಕೆಲವರು ಕೇಳಿದ್ದರಿಂದ ಬರೆದಿದ್ದೇನೆ. ಆಡಿದ ಮಾತನ್ನು ಆದಷ್ಟೂ ಹಾಗೆಯೇ ಉಳಿಸಿಕೊಂಡಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ಮೊದಲು ನನ್ನ ಅಮ್ಮನ ವಿಷಯ ಹೇಳುತ್ತೇನೆ. ಆರು ವರ್ಷದ ಹಿಂದಿನ ಮಾತು. ಅಮ್ಮ ತಿಪಟೂರಿನಲ್ಲಿ ತಮ್ಮನ ಜೊತೆ ಇದ್ದರು. ಆಗ ಅವರಿಗೆ ಎಪ್ಪತ್ತನಾಲ್ಕು ವರ್ಷ. ಬೆಳಿಗ್ಗೆ ಐದೂವರೆಗೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವುದು ಅವರ ದಿನದ ಮೊದಲ ಕೆಲಸ. ಏಳು ಚುಕ್ಕಿಯಿಂದ ನಾಲ್ಕಕ್ಕೆ ಇಳಿಯುವ ಸಣ್ಣ ರಂಗೋಲಿ, ಕಣ್ಣು ಮುಚ್ಚಿಕೊಂಡೂ ಬಿಡುತ್ತಿದ್ದರು. ಒಂದು ಬೆಳಿಗ್ಗೆ ತಮ್ಮ ಫೋನ್ ಮಾಡಿದ. "ಅಕ್ಕಾ, ಅಮ್ಮ ಚುಕ್ಕಿ ಇಟ್ಟು ಹಾಗೇ ಕೂತುಬಿಟ್ಟಿದಾಳೆ. ಗೆರೆ ಎಳೆಯೋದು ಹೇಗೆ ಅಂತ ಮರೆತುಹೋಯ್ತಂತೆ."

ಅದಕ್ಕೆ ಹತ್ತು ದಿನ ಮುಂಚಿನಿಂದಲೂ ಏನೋ ಸರಿಯಿರಲಿಲ್ಲ. ಸುಸ್ತು ಅನ್ನುತ್ತಿದ್ದರು. ಊಟ ಸೇರುತ್ತಿರಲಿಲ್ಲ, ಓಕರಿಕೆ. ನಡೆಯುವಾಗ ಗೋಡೆ ಹಿಡಿಯುತ್ತಿದ್ದರು. ವಯಸ್ಸಾಯ್ತು, ಅರಳುಮರಳು ಶುರುವಾಗಿರಬೇಕು ಅಂತ ಮನೆಯಲ್ಲಿ ಎಲ್ಲರೂ ಅಂದುಕೊಂಡೆವು. ಎಲ್ಲರೂ ಅಂದರೆ ನಾನೂ. ಇಪ್ಪತ್ತಾರು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ದಿನಾ ಸೋಡಿಯಂ ಅಳೆದವಳು, ಆ ಹತ್ತು ದಿನವೂ ಫೋನಿನಲ್ಲಿ "ಬಿಸಿಲು ಜಾಸ್ತಿ ಇದೆ, ಚೆನ್ನಾಗಿ ನೀರು ಕುಡಿಯಮ್ಮ" ಅಂತಲೇ ಹೇಳಿದ್ದೇನೆ. ಅದು ಇವತ್ತಿಗೂ ನನ್ನನ್ನು ಕಾಡುತ್ತದೆ. ಇವತ್ತು ಇಲ್ಲಿ ಮಾತಾಡಲು ಒಪ್ಪಿಕೊಂಡದ್ದಕ್ಕೂ ಅದೇ ಕಾರಣ.

ಆಸ್ಪತ್ರೆಗೆ ಸೇರಿಸಿದೆವು. ತಲೆಯ ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಶುಗರ್ ಸರಿ, ಹಿಮೋಗ್ಲೋಬಿನ್ ಸರಿ. ಸೋಡಿಯಂ 116.

ನಿಮ್ಮಲ್ಲಿ ಹಲವರ ಮನೆಯ ಫೈಲಿನಲ್ಲಿ ಈ ರಿಪೋರ್ಟು ಇರುತ್ತದೆ. 'ಸೀರಂ ಎಲೆಕ್ಟ್ರೊಲೈಟ್ಸ್' ಎಂದು ಮೇಲೆ ಬರೆದು ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಎಂದು ಮೂರು ಸಾಲು. ಸೋಡಿಯಂ ಲೀಟರಿಗೆ 135ರಿಂದ 145 ಮಿಲಿಮೋಲ್ ಇದ್ದರೆ ಸರಿ. ಕೆಲವು ಲ್ಯಾಬುಗಳು ಮಿಲಿಈಕ್ವಿವಲೆಂಟ್ ಎಂದು ಬರೆಯುತ್ತವೆ, ಸೋಡಿಯಂ ಮಟ್ಟಿಗೆ ಎರಡೂ ಒಂದೇ. 135ಕ್ಕಿಂತ ಕೆಳಗಿದ್ದರೆ ಕಡಿಮೆ, 125ಕ್ಕಿಂತ ಕೆಳಗಿಳಿದರೆ ಗಂಭೀರ. 116 ಎಂದರೆ ಲ್ಯಾಬಿನಿಂದ ನಾವೇ ವಾರ್ಡಿಗೆ ಫೋನ್ ಮಾಡಿ ತಿಳಿಸಬೇಕಾದ ಸಂಖ್ಯೆ.

ಈ ಸಂಖ್ಯೆ ಕಡಿಮೆ ಬಂದ ತಕ್ಷಣ ಮನೆಯವರು ಆಡುವ ಮೊದಲ ಮಾತು ನನಗೆ ಬಾಯಿಪಾಠ. "ಉಪ್ಪು ಕಡಿಮೆಯಾಗಿದೆ." ಎರಡನೆಯ ಮಾತು: "ಉಪ್ಪು ಜಾಸ್ತಿ ಕೊಡಬೇಕಂತೆ." ನನ್ನ ತಮ್ಮನೂ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂಬೆಹಣ್ಣು, ಉಪ್ಪಿನ ಪೊಟ್ಟಣ ಹಿಡಿದು ನಿಂತಿದ್ದ. ಇವತ್ತು ನಾನು ಹೇಳಬೇಕಾದ್ದು ಒಂದೇ ಮಾತು. ಆ ರಿಪೋರ್ಟಿನ ಸಂಖ್ಯೆ ನೀವು ತಿಂದ ಉಪ್ಪಿನ ಲೆಕ್ಕ ಹೇಳುವುದಿಲ್ಲ. ನಿಮ್ಮ ಮೈಯಲ್ಲಿ ಒಟ್ಟು ಎಷ್ಟು ಉಪ್ಪಿದೆ ಎಂದೂ ಹೇಳುವುದಿಲ್ಲ. ಒಂದು ಲೀಟರು ರಕ್ತದ್ರವದಲ್ಲಿ ಎಷ್ಟು ಸೋಡಿಯಂ ಕರಗಿದೆ ಎಂದಷ್ಟೇ ಹೇಳುತ್ತದೆ. ಸಾರು ಸಪ್ಪೆಯಾಗಿದೆ ಅನ್ನಿ. ಉಪ್ಪು ಹಾಕುವುದು ಮರೆತಿರಬಹುದು, ಇಲ್ಲವೇ ಉಪ್ಪು ಸರಿಯಾಗಿಯೇ ಹಾಕಿ ನೀರು ಜಾಸ್ತಿ ಸುರಿದಿರಬಹುದು. ನಾಲಿಗೆಗೆ ಎರಡೂ ಒಂದೇ. ಸೋಡಿಯಂ ಕಡಿಮೆಯೆಂದು ಆಸ್ಪತ್ರೆ ಸೇರುವವರಲ್ಲಿ ಬಹುಪಾಲು ಜನರದ್ದು ಎರಡನೆಯ ಬಗೆ. ನೀರು ಹೆಚ್ಚಾಗಿದೆ, ಅಥವಾ ಹೊರಹೋಗಬೇಕಾದ ನೀರು ಒಳಗೇ ನಿಂತಿದೆ.

ಹೀಗೆ ಯಾಕೆ ಎಂದು ತಿಳಿಯಬೇಕಾದರೆ ಸೋಡಿಯಂ ಒಳಗೆ ಏನು ಕೆಲಸ ಮಾಡುತ್ತದೆ ಎಂದು ಸ್ವಲ್ಪ ನೋಡಬೇಕು.

ವಯಸ್ಕರೊಬ್ಬರ ಮೈಯಲ್ಲಿ ಒಟ್ಟು ಸುಮಾರು 90ರಿಂದ 100 ಗ್ರಾಂ ಸೋಡಿಯಂ ಇರುತ್ತದೆ. ಒಂದಷ್ಟು ಮೂಳೆಯಲ್ಲಿ ಸೇರಿಕೊಂಡಿರುತ್ತದೆ. ಉಳಿದದ್ದರಲ್ಲಿ ಹೆಚ್ಚಿನದು ಜೀವಕೋಶಗಳ ಹೊರಗಿನ ದ್ರವದಲ್ಲಿ. ಕೋಶದ ಹೊರಗೆ 140 ಇದ್ದರೆ ಒಳಗೆ ಹತ್ತು, ಹದಿನೈದು ಅಷ್ಟೇ. ಪೊಟ್ಯಾಸಿಯಂ ಇದಕ್ಕೆ ತದ್ವಿರುದ್ಧ, ಒಳಗೆ ಹೆಚ್ಚು, ಹೊರಗೆ ನಾಲ್ಕರ ಆಸುಪಾಸು. ಈ ಏರುಪೇರು ತಾನಾಗಿ ಉಳಿಯುವಂಥದ್ದಲ್ಲ. ಪ್ರತಿ ಕೋಶದ ಗೋಡೆಯಲ್ಲೂ ಒಂದು ಪಂಪು ಹಗಲೂ ರಾತ್ರಿ ಓಡುತ್ತಿರುತ್ತದೆ. ಮೂರು ಸೋಡಿಯಂ ಹೊರಗೆ ಹಾಕುತ್ತದೆ, ಎರಡು ಪೊಟ್ಯಾಸಿಯಂ ಒಳಗೆ ತರುತ್ತದೆ. ಇದನ್ನು 1957ರಲ್ಲಿ ಡೆನ್ಮಾರ್ಕಿನ ಯೆನ್ಸ್ ಸ್ಕೌ ಏಡಿಯ ನರಗಳನ್ನು ಪರೀಕ್ಷಿಸುತ್ತ ಕಂಡುಹಿಡಿದರು. ನಲವತ್ತು ವರ್ಷ ಕಳೆದ ಮೇಲೆ, 1997ರಲ್ಲಿ ಅವರಿಗೆ ನೊಬೆಲ್ ಬಂತು. ನಾವು ಸುಮ್ಮನೆ ಮಲಗಿರುವಾಗ ಖರ್ಚಾಗುವ ಶಕ್ತಿಯಲ್ಲಿ ಐದನೇ ಒಂದು ಭಾಗವೋ ಅದಕ್ಕಿಂತ ಹೆಚ್ಚೋ ಈ ಪಂಪಿಗೇ ಹೋಗುತ್ತದೆ. ಅಷ್ಟು ದುಬಾರಿ ಕೆಲಸವನ್ನು ದೇಹ ಯಾಕೆ ಮಾಡುತ್ತದೆ? ನೀವು ಈಗ ನನ್ನ ಮಾತು ಕೇಳುತ್ತಿರುವುದೂ, ಮುಂದಿನ ಸಾಲಿನವರು ಬೀಸಣಿಗೆ ಬೀಸುತ್ತಿರುವುದೂ ಅದರಿಂದಲೇ. ನರದ ಮೇಲೆ ಸಂದೇಶ ಓಡುವುದೆಂದರೆ ಹೊರಗೆ ಕಾದು ನಿಂತ ಸೋಡಿಯಂ ಒಂದು ಕ್ಷಣ ಬಾಗಿಲು ತೆರೆದಾಗ ಒಳಗೆ ನುಗ್ಗುವುದು. ಸ್ನಾಯು ಕುಗ್ಗುವುದಕ್ಕೂ ಹೃದಯ ಬಡಿಯುವುದಕ್ಕೂ ಆರಂಭ ಅಲ್ಲಿಂದಲೇ.

ಇನ್ನೊಂದು ಕೆಲಸ, ಇವತ್ತಿನ ಮಾತಿಗೆ ಹೆಚ್ಚು ಬೇಕಾದ್ದು. ನೀರು ಎಲ್ಲಿರಬೇಕು ಎಂದು ತೀರ್ಮಾನಿಸುವುದು ಸೋಡಿಯಂ. ಹಾಗಲಕಾಯಿ ಹೆಚ್ಚಿ ಉಪ್ಪು ಸವರಿಟ್ಟರೆ ಕಾಲು ಗಂಟೆಯಲ್ಲಿ ನೀರು ಬಿಟ್ಟುಕೊಳ್ಳುತ್ತದಲ್ಲ, ಅದೇ ನಿಯಮ. ಉಪ್ಪು ಹೆಚ್ಚಿರುವ ಕಡೆಗೆ ನೀರು ಹೋಗುತ್ತದೆ. ರಕ್ತದಲ್ಲಿ ಸೋಡಿಯಂ ಹೆಚ್ಚಾದರೆ ಕೋಶದೊಳಗಿನ ನೀರು ಹೊರಗೆ ಬಂದು ಕೋಶ ಸೊರಗುತ್ತದೆ. ಕಡಿಮೆಯಾದರೆ ಹೊರಗಿನ ನೀರು ಒಳಗೆ ಹೋಗಿ ಕೋಶ ಊದುತ್ತದೆ. ಕೈಕಾಲಿನ ಕೋಶ ಸ್ವಲ್ಪ ಊದಿದರೆ ಗೊತ್ತಾಗುವುದಿಲ್ಲ. ಮಿದುಳು ಮಾತ್ರ ಗಟ್ಟಿ ಬುರುಡೆಯ ಒಳಗಿದೆ, ಊದಲು ಅದಕ್ಕೆ ಜಾಗವಿಲ್ಲ. ಆದ್ದರಿಂದಲೇ ಸೋಡಿಯಂ ಕಡಿಮೆಯಾದವರಿಗೆ ಮೊದಲು ತಲೆನೋವು, ಓಕರಿಕೆ, ಮಂಪರು, ಗೊಂದಲ, ನಡಿಗೆ ತಪ್ಪುವುದು. ಇನ್ನೂ ಇಳಿದರೆ ಫಿಟ್ಸ್, ಎಚ್ಚರ ತಪ್ಪುವುದು. ಅಮ್ಮನಿಗೆ ಗೆರೆ ಮರೆತದ್ದು ಅರಳುಮರಳಿನಿಂದಲ್ಲ. ಊದಿಕೊಂಡ ಮಿದುಳಿಗೆ ಚುಕ್ಕಿಯಿಂದ ಚುಕ್ಕಿಗೆ ದಾರಿ ಸಿಕ್ಕಿರಲಿಲ್ಲ.

"ಉಪ್ಪು ತಿಂದವನು ನೀರು ಕುಡಿಯಲೇಬೇಕು" ಎಂದು ನಾವು ಬೇರೆ ಅರ್ಥದಲ್ಲಿ ಬಳಸುತ್ತೇವೆ, ತಪ್ಪು ಮಾಡಿದವನು ಅನುಭವಿಸಬೇಕು ಎಂದು. ದೇಹದ ಮಟ್ಟಿಗೆ ಆ ಗಾದೆ ಅಕ್ಷರಶಃ ನಿಜ. ಮದುವೆ ಮನೆಯಲ್ಲಿ ಹಪ್ಪಳ, ಉಪ್ಪಿನಕಾಯಿ, ಪುಳಿಯೋಗರೆ ಉಂಡು ಬಂದ ಮಧ್ಯಾಹ್ನ ಎಷ್ಟು ದಾಹ ಆಗುತ್ತದೆ ನೆನಪು ಮಾಡಿಕೊಳ್ಳಿ. ಮಿದುಳಿನ ಹೈಪೋಥಲಾಮಸ್ ಎಂಬ ಭಾಗದಲ್ಲಿ ರಕ್ತದ ಸಾಂದ್ರತೆಯನ್ನು ಕಾಯುವ ಕೋಶಗಳಿವೆ. ಶೇಕಡಾ ಒಂದೆರಡು ಏರಿದರೂ ಅವಕ್ಕೆ ತಿಳಿಯುತ್ತದೆ. ತಕ್ಷಣ ಎರಡು ಕೆಲಸ ಆಗುತ್ತವೆ. ನಮಗೆ ಬಾಯಾರಿಕೆಯಾಗುತ್ತದೆ, ಜೊತೆಗೆ ವಾಸೊಪ್ರೆಸಿನ್ ಎಂಬ ಹಾರ್ಮೋನು ಬಿಡುಗಡೆಯಾಗಿ ಕಿಡ್ನಿಗೆ "ನೀರು ಹಿಡಿದಿಟ್ಟುಕೋ" ಎನ್ನುತ್ತದೆ. ಕುಡಿದ ನೀರು ಸೇರಿ ಸಂಖ್ಯೆ ಮತ್ತೆ 140ಕ್ಕೆ ಬರುತ್ತದೆ. ಅಂದರೆ ಆ ಮಧ್ಯಾಹ್ನ ನಿಮ್ಮ ಮೈಯಲ್ಲಿ ಉಪ್ಪೂ ಹೆಚ್ಚಾಗಿದೆ, ನೀರೂ ಹೆಚ್ಚಾಗಿದೆ, ರಿಪೋರ್ಟು ಮಾತ್ರ ಅಚ್ಚುಕಟ್ಟಾಗಿ 140 ಎನ್ನುತ್ತದೆ! ಮರುದಿನ ಬೆಳಿಗ್ಗೆ ಉಂಗುರ ಬಿಗಿಯಾಗಿರುವುದು, ಬಿಪಿ ಏರಿರುವುದು, ಅದನ್ನೆಲ್ಲ ರಿಪೋರ್ಟು ಹೇಳುವುದಿಲ್ಲ.

ಕಿಡ್ನಿಯ ಕೆಲಸವನ್ನು ಒಂದು ಲೆಕ್ಕದಿಂದ ಹೇಳುತ್ತೇನೆ, ನನಗೆ ಬಹಳ ಇಷ್ಟವಾದ ಲೆಕ್ಕ. ಎರಡು ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರು ದ್ರವ ಸೋಸುತ್ತವೆ. ಲೀಟರಿಗೆ 140 ಮಿಲಿಮೋಲ್ ಸೋಡಿಯಂ ಎಂದರೆ ದಿನಕ್ಕೆ 25 ಸಾವಿರ ಮಿಲಿಮೋಲ್ ದಾಟುತ್ತದೆ. ಅಡುಗೆ ಉಪ್ಪಿನ ಲೆಕ್ಕದಲ್ಲಿ ಅದು ಒಂದೂವರೆ ಕಿಲೋ ಹತ್ತಿರ. ಅಂಗಡಿಯಿಂದ ತರುವ ಒಂದು ಪ್ಯಾಕೆಟ್ಟು ಮತ್ತು ಇನ್ನೊಂದರ ಅರ್ಧ, ಪ್ರತಿದಿನ ಸೋಸಿ ಹೊರಗೆ ಬರುತ್ತದೆ. ಅದರಲ್ಲಿ ಶೇಕಡಾ 99ಕ್ಕೂ ಹೆಚ್ಚನ್ನು ಕಿಡ್ನಿ ಮತ್ತೆ ಒಳಗೆಳೆದುಕೊಂಡು, ನಾವು ಆ ದಿನ ತಿಂದ ಆರೋ ಹತ್ತೋ ಗ್ರಾಮಿನಷ್ಟನ್ನು ಮಾತ್ರ ಮೂತ್ರದಲ್ಲಿ ಬಿಡುತ್ತದೆ. ಎಷ್ಟು ಬಿಡಬೇಕು ಎಂದು ಹೇಳುವುದು ಮುಖ್ಯವಾಗಿ ಆಲ್ಡೊಸ್ಟಿರೋನ್ ಎಂಬ ಹಾರ್ಮೋನು. ಉಪ್ಪನ್ನು ನೋಡಿಕೊಳ್ಳುವ ಹಾರ್ಮೋನು ಬೇರೆ, ನೀರನ್ನು ನೋಡಿಕೊಳ್ಳುವುದು ಬೇರೆ. ರಿಪೋರ್ಟಿನಲ್ಲಿ ಸಂಖ್ಯೆ ಹಾದಿ ತಪ್ಪಿದರೆ ಬಹುತೇಕ ಎರಡನೆಯದರ ಕಡೆ ನೋಡಬೇಕು.

ಈಗ ಅಮ್ಮನಿಗೆ ಏನಾಗಿತ್ತು ಎಂದು ಹೇಳಬಹುದು. ಅದಕ್ಕೆ ಮೂರು ವಾರ ಮುಂಚೆ ಅವರ ಬಿಪಿ ಮಾತ್ರೆ ಬದಲಾಗಿತ್ತು. ಹೊಸ ಮಾತ್ರೆಯಲ್ಲಿ ಹೈಡ್ರೊಕ್ಲೋರೊಥಯಾಜೈಡ್ ಸೇರಿತ್ತು. ಮೂತ್ರ ಹೆಚ್ಚು ಹೋಗಿಸಿ ಬಿಪಿ ಇಳಿಸುವ, ಹಳೆಯ, ಒಳ್ಳೆಯ ಔಷಧ ಅದು. ಲಕ್ಷಾಂತರ ಜನ ತೊಂದರೆಯಿಲ್ಲದೆ ತೆಗೆದುಕೊಳ್ಳುತ್ತಾರೆ. ಕೆಲವರಿಗೆ, ಅದರಲ್ಲೂ ವಯಸ್ಸಾದ, ತೆಳ್ಳಗಿನ ಹೆಂಗಸರಿಗೆ, ಶುರು ಮಾಡಿದ ಮೊದಲ ಕೆಲವು ವಾರಗಳಲ್ಲಿ ಸೋಡಿಯಂ ಇಳಿಸಿಬಿಡುತ್ತದೆ. ಮೂತ್ರವನ್ನು ತೆಳುವಾಗಿಸಿ ಹೆಚ್ಚಿನ ನೀರನ್ನು ಹೊರಹಾಕುವ ಕಿಡ್ನಿಯ ಶಕ್ತಿಯನ್ನು ಅದು ಕುಗ್ಗಿಸುತ್ತದೆ. ಇದರ ಮೇಲೆ ಅಮ್ಮ ಓಕರಿಕೆಯಿಂದ ಬರೀ ಗಂಜಿ, ತಿಳಿಸಾರಿನಲ್ಲಿ ದಿನ ದೂಡುತ್ತಿದ್ದರು. ಬೇಳೆಯಿಲ್ಲ, ಮೊಸರಿಲ್ಲ. ಕಿಡ್ನಿ ನೀರನ್ನು ಬರಿದೇ ಹೊರಹಾಕಲಾರದು, ಪ್ರತಿ ಲೀಟರಿನ ಜೊತೆ ಒಂದಷ್ಟು ಯೂರಿಯಾ, ಲವಣ ಹೋಗಲೇಬೇಕು. ಯೂರಿಯಾ ಬರುವುದು ಪ್ರೋಟೀನಿನಿಂದ. ಊಟ ಬಡವಾದಷ್ಟೂ ನೀರು ಹೊರಹಾಕುವ ಮಿತಿ ಇಳಿಯುತ್ತದೆ. ಅಂಥ ಹೊತ್ತಿನಲ್ಲಿ ಯಾರೋ ವಾಟ್ಸಾಪಿನಲ್ಲಿ ಕಳಿಸಿದ್ದನ್ನು ನಂಬಿ ಬೆಳಿಗ್ಗೆ ಬರಿಹೊಟ್ಟೆಗೆ ಒಂದೂವರೆ ಲೀಟರು, ಮಗಳು ಹೇಳಿದಳೆಂದು ದಿನವಿಡೀ ಇನ್ನಷ್ಟು ನೀರು. ಉಪ್ಪನ್ನು ಅವರು ಎಂದಿನಂತೆಯೇ ತಿನ್ನುತ್ತಿದ್ದರು.

ಡಾಕ್ಟರು ಮಾಡಿದ್ದು ಇಷ್ಟು. ಆ ಮಾತ್ರೆ ನಿಲ್ಲಿಸಿದರು, ಕುಡಿಯುವ ನೀರಿಗೆ ಮಿತಿ ಹಾಕಿದರು, ಮೂತ್ರದ ಸೋಡಿಯಂ ಮತ್ತು ಸಾಂದ್ರತೆ ಪರೀಕ್ಷೆಗೆ ಕಳಿಸಿದರು, ನಾಲ್ಕರಿಂದ ಆರು ಗಂಟೆಗೊಮ್ಮೆ ರಕ್ತ ತೆಗೆಸಿ ನೋಡುತ್ತಿದ್ದರು. ತಮ್ಮ ಕೈಮುಗಿದು ಕೇಳಿದ, "ಡಾಕ್ಟ್ರೇ, ದೊಡ್ಡ ಸಲೈನ್ ಹಾಕಿ ಇವತ್ತೇ ಸರಿ ಮಾಡಿಬಿಡಿ." ಅವರು ಒಪ್ಪಲಿಲ್ಲ. ಅದಕ್ಕೆ ಕಾರಣವಿದೆ. ಸೋಡಿಯಂ ನಿಧಾನವಾಗಿ ಇಳಿದಾಗ ಮಿದುಳಿನ ಕೋಶಗಳು ಒಂದೆರಡು ದಿನದಲ್ಲಿ ತಮ್ಮೊಳಗಿನ ಲವಣಗಳನ್ನು ಹೊರಹಾಕಿ ಊತ ಇಳಿಸಿಕೊಳ್ಳುತ್ತವೆ, ಹೊಸ ಮಟ್ಟಕ್ಕೆ ಒಗ್ಗಿಕೊಳ್ಳುತ್ತವೆ. ಆಗ ಹೊರಗಿನ ಸೋಡಿಯಂ ಅನ್ನು ಒಮ್ಮೆಲೇ ಏರಿಸಿದರೆ ಕೋಶದ ನೀರು ರಭಸದಿಂದ ಹೊರಬಂದು, ನರಗಳ ಸುತ್ತ ಹೊದಿಸಿರುವ ಮಯಲಿನ್ ಕಳಚುತ್ತದೆ. ಮಾತು ಹೋಗಬಹುದು, ನುಂಗಲಾಗದಿರಬಹುದು, ಕೈಕಾಲು ಬೀಳಬಹುದು. ಅದೂ ತಕ್ಷಣವಲ್ಲ, ಸಂಖ್ಯೆ ಸರಿಹೋಯಿತು ಎಂದು ಎಲ್ಲರೂ ಸಮಾಧಾನ ಪಟ್ಟ ಕೆಲವು ದಿನಗಳ ಮೇಲೆ. ಹಾಗಾಗಿ 24 ಗಂಟೆಯಲ್ಲಿ 8ರಿಂದ 10ಕ್ಕಿಂತ ಹೆಚ್ಚು ಏರಿಸಬಾರದು ಎಂಬ ಕಟ್ಟುನಿಟ್ಟು. ಫಿಟ್ಸ್ ಬರುತ್ತಿದ್ದರೆ ಮಾತ್ರ ಶೇಕಡಾ 3ರ ಗಾಢ ಸಲೈನನ್ನು ಸ್ವಲ್ಪವೇ ಸ್ವಲ್ಪ ಕೊಟ್ಟು ಮೊದಲ ನಾಲ್ಕೈದು ಅಂಕ ಬೇಗ ಏರಿಸುತ್ತಾರೆ. ಉಳಿದದ್ದಕ್ಕೆ ಕಾಯಲೇಬೇಕು. ಅಮ್ಮನ ಸಂಖ್ಯೆ ಮರುದಿನ 122, ಆಮೇಲೆ 127, ಆಮೇಲೆ 131. ನಾಲ್ಕನೆಯ ದಿನ ನರ್ಸಮ್ಮನ ಬಳಿ ಪೆನ್ನು ಇಸಕೊಂಡು ಡಿಸ್ಚಾರ್ಜ್ ಕವರಿನ ಹಿಂದೆ ಏಳು ಚುಕ್ಕಿ ಇಟ್ಟು ಗೆರೆ ಎಳೆದು ತೋರಿಸಿದರು. ಆ ಕವರು ನನ್ನ ಹತ್ತಿರ ಇದೆ.

ಬೇರೆ ಕಾರಣಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಖಿನ್ನತೆಗೆ ಕೊಡುವ ಎಸ್ಸಿಟಲೊಪ್ರಾಮ್ ಥರದ ಮಾತ್ರೆ, ಫಿಟ್ಸಿಗೆ ಕೊಡುವ ಕಾರ್ಬಮಜೆಪಿನ್, ಆಕ್ಸ್‌ಕಾರ್ಬಜೆಪಿನ್, ನ್ಯುಮೋನಿಯಾ, ಕೆಲವು ಗಡ್ಡೆಗಳು, ಇವೆಲ್ಲ ವಾಸೊಪ್ರೆಸಿನ್ ಹೆಚ್ಚಿಸಿ ನೀರನ್ನು ಒಳಗೇ ಕಟ್ಟಿಹಾಕಬಹುದು. ಹೃದಯ ದುರ್ಬಲವಾದವರಲ್ಲಿ, ಲಿವರ್ ಕೆಟ್ಟವರಲ್ಲಿ ನಡೆಯುವುದನ್ನು ಮಾತ್ರ ಸ್ವಲ್ಪ ಗಮನವಿಟ್ಟು ಕೇಳಿ. ಅವರ ಕಾಲು ಊದಿರುತ್ತದೆ, ಹೊಟ್ಟೆಯಲ್ಲಿ ನೀರು ತುಂಬಿರುತ್ತದೆ. ಮೈಯಲ್ಲಿ ಉಪ್ಪು ಬೇಕಾದ್ದಕ್ಕಿಂತ ಹೆಚ್ಚೇ ಇದೆ, ನೀರು ಅದಕ್ಕಿಂತಲೂ ಹೆಚ್ಚಿದೆ. ರಿಪೋರ್ಟು 128 ಎನ್ನುತ್ತದೆ. ಅದನ್ನು ನೋಡಿ ಮನೆಯವರು ಉಪ್ಪು ಕಲಸಿದ ಮಜ್ಜಿಗೆ ಕೊಟ್ಟರೆ ಉಸಿರಾಟವೇ ಕಷ್ಟವಾಗಿ ರಾತ್ರಿ ಎಮರ್ಜೆನ್ಸಿಗೆ ಓಡಬೇಕಾಗುತ್ತದೆ. ಇದನ್ನು ನಾನು ಒಂದಲ್ಲ, ಹಲವು ಸಲ ನೋಡಿದ್ದೇನೆ. ಕಡಿಮೆ ಸೋಡಿಯಂ ಬಂದಿದೆ ಎಂದ ಮಾತ್ರಕ್ಕೆ ಉಪ್ಪಿನ ಡಬ್ಬಕ್ಕೆ ಕೈ ಹಾಕಬೇಡಿ, ಕಾರಣ ಏನೆಂದು ಕೇಳಿ.

ನೀರು ಕುಡಿದರೆ ಒಳ್ಳೆಯದಲ್ಲವೇ ಎಂದು ನೀವು ಕೇಳಬಹುದು. ದಾಹವಾದಾಗ ಕುಡಿಯುವುದು ಒಳ್ಳೆಯದು. ಬೇಡವೆಂದರೂ ತುಂಬಿಸಿಕೊಳ್ಳುವುದು ಎಲ್ಲರಿಗೂ ಒಳ್ಳೆಯದಲ್ಲ. 2002ರಲ್ಲಿ ಅಮೆರಿಕದ ಬಾಸ್ಟನ್ ಮ್ಯಾರಥಾನ್ ಓಡಿದವರಲ್ಲಿ 488 ಜನರ ರಕ್ತ ಪರೀಕ್ಷಿಸಿದರು. ಗಟ್ಟಿಮುಟ್ಟಾದ, ಬೆವರು ಹರಿಸಿದ ಜನ. ಅವರಲ್ಲಿ ಶೇಕಡಾ 13 ಮಂದಿಯ ಸೋಡಿಯಂ 135 ಅಥವಾ ಅದಕ್ಕಿಂತ ಕೆಳಗಿತ್ತು. ಓಡುವಾಗ ದಾರಿಯುದ್ದಕ್ಕೂ ಕುಡಿದು, ಓಟದ ಕೊನೆಗೆ ತೂಕ ಹೆಚ್ಚಿಸಿಕೊಂಡವರಲ್ಲೇ ಅದು ಹೆಚ್ಚಾಗಿ ಕಂಡಿತು.

ಇನ್ನು ಪರೀಕ್ಷೆಯ ವಿಷಯ, ನನ್ನ ಮನೆಯಂಗಳ.

ಉಪ್ಪು ಹಾಕಿದ ಸಾರು ಉಕ್ಕಿ ಗ್ಯಾಸ್ ಒಲೆಯ ಬರ್ನರಿನ ಮೇಲೆ ಬಿದ್ದಾಗ ನೀಲಿ ಉರಿ ತಟಕ್ಕನೆ ಹಳದಿಯಾಗುವುದನ್ನು ನೋಡಿದ್ದೀರಿ. ಆ ಹಳದಿ ಸೋಡಿಯಂನ ಬಣ್ಣ. ಹಳೆಯ ಬೀದಿದೀಪಗಳ ಹಳದಿಯೂ ಅದೇ. ನಾನು ಕೆಲಸಕ್ಕೆ ಸೇರಿದಾಗ ಸೋಡಿಯಂ ಅಳೆಯುತ್ತಿದ್ದದ್ದು ಹೀಗೆಯೇ. ಫ್ಲೇಮ್ ಫೋಟೋಮೀಟರ್ ಎಂಬ ಯಂತ್ರ. ಸೀರಂಗೆ ಬಹಳಷ್ಟು ನೀರು ಬೆರೆಸಿ, ಸಣ್ಣ ಕೊಳವೆಯಿಂದ ಉರಿಯೊಳಗೆ ಸಿಂಪಡಿಸುತ್ತಿದ್ದೆವು. ಪಕ್ಕದಲ್ಲಿ ಕಂಪ್ರೆಸರಿನ ಟಕಟಕ ಸದ್ದು. ಕಿಟಕಿಯಂಥ ಗಾಜಿನಲ್ಲಿ ಬಗ್ಗಿ ನೋಡಿದರೆ ನೀಲಿ ಉರಿಯ ತುದಿಗೆ ಹಳದಿ ಹತ್ತುತ್ತಿತ್ತು. ಎಷ್ಟು ಹಳದಿಯೋ ಅಷ್ಟು ಸೋಡಿಯಂ. ಕೈಬೆವರು ತಾಗಿದ ಟ್ಯೂಬು ಹಿಡಿದರೂ ಲೆಕ್ಕ ತಪ್ಪುತ್ತಿತ್ತು. ಬೆವರಿನಲ್ಲೂ ಸೋಡಿಯಂ ಇದೆಯಲ್ಲ.

ಈಗ ಬಹುತೇಕ ಎಲ್ಲ ಕಡೆ ಎಲೆಕ್ಟ್ರೋಡು. ಸೋಡಿಯಂಗೆ ಮಾತ್ರ ಸ್ಪಂದಿಸುವ ವಿಶೇಷ ಗಾಜಿನ ಎರಡು ಬದಿಯ ನಡುವೆ ಹುಟ್ಟುವ ವಿದ್ಯುತ್ ಒತ್ತಡವನ್ನು ಅಳೆಯುತ್ತಾರೆ. 140 ಮತ್ತು 141ರ ನಡುವಿನ ವ್ಯತ್ಯಾಸ ಎಂದರೆ ಒಂದು ಮಿಲಿವೋಲ್ಟಿನ ಐದನೇ ಒಂದು ಭಾಗದಷ್ಟು. ಅಷ್ಟು ಸೂಕ್ಷ್ಮ ಅಳತೆ. ಆದ್ದರಿಂದ ಮೊನ್ನೆ 138 ಇತ್ತು, ಇವತ್ತು 136 ಆಗಿದೆ ಎಂದು ಗಾಬರಿಯಾಗಬೇಡಿ. ಅದೇ ರಕ್ತವನ್ನು ಇನ್ನೊಮ್ಮೆ ಹಾಕಿದರೂ ಒಂದು ಅಂಕ ಆಚೀಚೆ ಬರಬಹುದು. 138 ಇದ್ದದ್ದು 130 ಆದರೆ ಆಗ ಮಾತು ಬೇರೆ.

ತಪ್ಪು ಸಂಖ್ಯೆ ಬರುವುದು ಹೆಚ್ಚಾಗಿ ಯಂತ್ರದಿಂದಲ್ಲ, ರಕ್ತ ತೆಗೆಯುವ ಹೊತ್ತಿನಲ್ಲಿ. ಡ್ರಿಪ್ ಹಾಕಿರುವ ಕೈಯಿಂದಲೇ ರಕ್ತ ತೆಗೆದರೆ ಡ್ರಿಪ್ಪಿನ ದ್ರವವೂ ಸೇರಿಬರುತ್ತದೆ. ಗ್ಲೂಕೋಸ್ ಡ್ರಿಪ್ ಆದರೆ ಸೋಡಿಯಂ ಪಾತಾಳಕ್ಕೆ, ಶುಗರ್ ಆಕಾಶಕ್ಕೆ. ಹೀಗೆ ಬಂದರೆ ಲ್ಯಾಬಿನವರೇ ಅನುಮಾನಪಟ್ಟು ಮತ್ತೆ ರಕ್ತ ಕೇಳಬೇಕು, ನಾವು ಕೇಳುತ್ತಿದ್ದೆವು. ಶುಗರ್ ಪರೀಕ್ಷೆಗೆ ಬಳಸುವ ಬೂದು ಮುಚ್ಚಳದ ಟ್ಯೂಬಿನಲ್ಲಿ ಸೋಡಿಯಂ ಫ್ಲೋರೈಡ್ ಇರುತ್ತದೆ, ಅದರಲ್ಲಿ ಸೋಡಿಯಂ ಅಳೆದರೆ ಸುಳ್ಳೇ ಹೆಚ್ಚು ಬರುತ್ತದೆ. ಮನೆಗೆ ಬಂದು ರಕ್ತ ತೆಗೆಯುವ ಹುಡುಗರಿಗೆ ಈ ಎರಡು ವಿಷಯ ಗೊತ್ತಿದೆಯೇ ಎಂದು ಧೈರ್ಯವಾಗಿ ಕೇಳಿ.

ಇನ್ನೊಂದು ಬಗೆಯ ಸುಳ್ಳು ಇದೆ, ಅದು ಸ್ವಲ್ಪ ಸೂಕ್ಷ್ಮ. ರಕ್ತದ್ರವದಲ್ಲಿ ಶೇಕಡಾ 93ರಷ್ಟು ನೀರು, ಉಳಿದದ್ದು ಪ್ರೋಟೀನ್, ಕೊಬ್ಬು. ದೊಡ್ಡ ಯಂತ್ರಗಳು ಮೊದಲು ಸೀರಂ ಅನ್ನು ತೆಳುಮಾಡಿ ಅಳೆಯುತ್ತವೆ, ನೀರಿನ ಪಾಲು ಎಲ್ಲರಲ್ಲೂ ಒಂದೇ ಎಂದುಕೊಂಡು. ಟ್ರೈಗ್ಲಿಸರೈಡ್ ವಿಪರೀತ ಏರಿ ಸೀರಂ ಹಾಲಿನಂತೆ ಬೆಳ್ಳಗಾಗಿದ್ದರೆ, ಮಯಲೋಮಾ ಕಾಯಿಲೆಯಲ್ಲಿ ಪ್ರೋಟೀನ್ ತುಂಬಿಕೊಂಡಿದ್ದರೆ ಆ ಎಣಿಕೆ ತಪ್ಪುತ್ತದೆ. ನಿಜವಾದ ಸೋಡಿಯಂ ಸರಿಯಿದ್ದರೂ ಕಡಿಮೆ ಎಂದು ತೋರಿಸುತ್ತದೆ. ಐಸಿಯುನಲ್ಲಿ ಇಡುವ ಚಿಕ್ಕ ಯಂತ್ರ, ತೆಳುಮಾಡದೆ ನೇರವಾಗಿ ಅಳೆಯುವಂಥದ್ದು, ಆಗ ನಿಜ ಹೇಳುತ್ತದೆ. ಶುಗರ್ ತುಂಬ ಏರಿದವರಲ್ಲಿ ಕಡಿಮೆ ಬಂದರೆ ಅದು ಸುಳ್ಳಲ್ಲ. ಸಕ್ಕರೆ ಕೋಶಗಳಿಂದ ನೀರನ್ನು ಹೊರಗೆಳೆದು ರಕ್ತವನ್ನು ತೆಳುಮಾಡಿರುತ್ತದೆ. ಶುಗರ್ ಪ್ರತಿ 100 ಏರಿಕೆಗೆ ಸೋಡಿಯಂ ಸುಮಾರು 1.6ರಿಂದ 2.4ರಷ್ಟು ಇಳಿಯುತ್ತದೆ. ಶುಗರ್ ಹತೋಟಿಗೆ ಬಂದರೆ ಸೋಡಿಯಂ ತಾನಾಗಿ ಏರುತ್ತದೆ.

ಸೋಡಿಯಂ ಹೆಚ್ಚಾಗುವುದು ಅಪರೂಪ. ದಾಹ ಎಂಬ ಕಾವಲುಗಾರ ಬಿಡುವುದಿಲ್ಲ. 145 ದಾಟಿತೆಂದರೆ ಆ ವ್ಯಕ್ತಿಗೆ ಬೇಕಾದ ನೀರು ಸಿಕ್ಕಿಲ್ಲ ಎಂದೇ ಹೆಚ್ಚಿನ ಸಲ ಅರ್ಥ. ಹಾಸಿಗೆ ಹಿಡಿದವರು, ಜ್ವರ ಬಂದು ಮಂಪರಿನಲ್ಲಿರುವವರು, ಬಾಯಿಬಿಟ್ಟು ಕೇಳಲಾಗದವರು. ಮನೆಯಲ್ಲಿ ಅಂಥ ಹಿರಿಯರಿದ್ದರೆ ಲೋಟ ಅವರ ಕೈಗೆ ಎಟುಕುತ್ತದೆಯೇ ನೋಡಿ. ಎಳೆಯ ಮಕ್ಕಳಲ್ಲಿ ಬೇರೆ ಅಪಾಯ. ಭೇದಿಯಾದಾಗ ಓಆರ್‌ಎಸ್ ಪೊಟ್ಟಣವನ್ನು ಒಂದು ಲೀಟರಿಗೆ ಬದಲು ಒಂದು ಲೋಟಕ್ಕೆ ಕಲಸಿಬಿಡುತ್ತಾರೆ. ಅದು ಮದ್ದಲ್ಲ, ಸಮುದ್ರದ ನೀರಿನಂತಾಗುತ್ತದೆ.

ಓಆರ್‌ಎಸ್ ಬಗ್ಗೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ. 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾದಿಂದ ಸಾಯುತ್ತಿದ್ದಾಗ ಡಾ. ದಿಲೀಪ್ ಮಹಾಲನಬಿಸ್ ಅಲ್ಲಿಗೆ ಹೋದರು. ಡ್ರಿಪ್ ಬಾಟಲಿಗಳು ಮುಗಿದವು. ಅವರು ಗ್ಲೂಕೋಸು, ಉಪ್ಪು, ಸೋಡಾ ಕಲಸಿದ ನೀರನ್ನು ಡ್ರಮ್ಮಿನಲ್ಲಿ ತುಂಬಿಟ್ಟು, ಮನೆಯವರ ಕೈಗೇ ಲೋಟ ಕೊಟ್ಟು ಕುಡಿಸಲು ಹೇಳಿದರು. ಶೇಕಡಾ 30ರ ಹತ್ತಿರ ಇದ್ದ ಸಾವು ಶೇಕಡಾ 4ಕ್ಕಿಂತ ಕೆಳಗಿಳಿಯಿತು. ಭೇದಿಯಾಗುವಾಗ ಕರುಳು ಬರೀ ಉಪ್ಪನ್ನು ಸರಿಯಾಗಿ ಹೀರುವುದಿಲ್ಲ. ಸೋಡಿಯಂ ಜೊತೆ ಗ್ಲೂಕೋಸ್ ಬಂದರೆ ಎರಡನ್ನೂ ಕೈಹಿಡಿದು ಒಳಗೆ ಕರೆದುಕೊಳ್ಳುವ ಬಾಗಿಲು ಕೆಟ್ಟಿರುವುದಿಲ್ಲ, ನೀರು ಅವುಗಳ ಹಿಂದೆಯೇ ಬರುತ್ತದೆ. ಇವತ್ತಿನ ಪೊಟ್ಟಣದಲ್ಲಿ ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, ಜೊತೆಗೆ ಪೊಟ್ಯಾಸಿಯಂ ಮತ್ತು ಸಿಟ್ರೇಟ್. ಈ ಪ್ರಮಾಣವೇ ಮದ್ದು. ಅವರಿಗೆ ಪದ್ಮವಿಭೂಷಣ ಬಂದದ್ದು 2023ರಲ್ಲಿ, ತೀರಿಕೊಂಡ ಮೇಲೆ.

ಕೊನೆಯದಾಗಿ ಬಿಪಿ. "ನನ್ನ ಸೋಡಿಯಂ 140, ನಾರ್ಮಲ್, ಹಾಗಾಗಿ ಉಪ್ಪು ತಿನ್ನಬಹುದು" ಎನ್ನುವವರು ಬಹಳ. ಇಷ್ಟು ಹೊತ್ತು ಹೇಳಿದ್ದರಿಂದ ಅದು ಯಾಕೆ ತಪ್ಪೆಂದು ನಿಮಗೇ ಗೊತ್ತಾಗಿದೆ. ಎಷ್ಟು ಉಪ್ಪು ತಿನ್ನುತ್ತೀರಿ ಎಂದು ತಿಳಿಯಲು 24 ಗಂಟೆಯ ಮೂತ್ರ ಸಂಗ್ರಹಿಸಿ ಅದರ ಸೋಡಿಯಂ ಅಳೆಯಬೇಕು. ತಿಂದದ್ದರಲ್ಲಿ ಸುಮಾರು ಶೇಕಡಾ 90 ಅಲ್ಲೇ ಸಿಗುತ್ತದೆ. 170 ಮಿಲಿಮೋಲ್ ಬಂದರೆ ಅದು 10 ಗ್ರಾಂ ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಮಟ್ಟಸ ಮಾಡಿದ ಒಂದು ಸಣ್ಣ ಚಮಚ. ಸಾರು, ಪಲ್ಯ, ಚಟ್ನಿಯಲ್ಲೇ ಅದು ಮುಗಿದಿರುತ್ತದೆ. ಆಮೇಲೆ ಬರುವ ಉಪ್ಪಿನಕಾಯಿ, ಬಾಳಕದ ಮೆಣಸಿನಕಾಯಿ, ಬೇಕರಿಯ ಖಾರಾ ಬಿಸ್ಕತ್ತು, ಗ್ಯಾಸ್ಟ್ರಿಕ್ ಎಂದು ಕುಡಿಯುವ ನೊರೆಬರುವ ಪುಡಿ, ಎಲ್ಲವೂ ಮೇಲಿನ ಲೆಕ್ಕ. ಆ ಪುಡಿಯಲ್ಲಿ ಉಪ್ಪಿನ ರುಚಿ ಅಷ್ಟಾಗಿ ಇರುವುದಿಲ್ಲ, ಸೋಡಿಯಂ ಮಾತ್ರ ಧಾರಾಳವಾಗಿದೆ.

ಇಲ್ಲಿಗೆ ನನ್ನ ಮಾತು ಮುಗಿಯಿತು, ಪ್ರಶ್ನೆ ಕೇಳಿ ಎಂದೆ.

ಮುಂದಿನ ಸಾಲಿನ ಒಬ್ಬ ತಾಯಿ ಸೈಂಧವ ಲವಣ ಬಳಸಿದರೆ ಆಗುತ್ತದೆಯೇ ಎಂದು ಕೇಳಿದರು. ಸೈಂಧವವೂ ಬಹುಪಾಲು ಅದೇ ಸೋಡಿಯಂ ಕ್ಲೋರೈಡ್. ಸಾಣಿಕಟ್ಟೆಯ ಹರಳುಪ್ಪೂ ಅಷ್ಟೇ. ಬಿಪಿಯ ಮಟ್ಟಿಗೆ ವ್ಯತ್ಯಾಸವಿಲ್ಲ, ಅಯೋಡಿನ್ ಬೆರೆಸದಿದ್ದರೆ ಅದೊಂದು ಕೊರತೆ. ಹಾಗಾದರೆ ಕಡಿಮೆ ಸೋಡಿಯಂ ಉಪ್ಪು ಎಂದು ಮಾರುತ್ತಾರಲ್ಲ ಎಂದು ಅವರ ಯಜಮಾನರು ಕೇಳಿದರು. ಅದರಲ್ಲಿ ಒಂದಷ್ಟು ಭಾಗ ಪೊಟ್ಯಾಸಿಯಂ ಕ್ಲೋರೈಡ್. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21 ಸಾವಿರ ಜನರಿಗೆ ಅಂಥ ಉಪ್ಪು ಕೊಟ್ಟು, ಕೊಡದೆ, ಹೋಲಿಸಿ ನೋಡಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಬಳಸಿದವರಲ್ಲಿ ಲಕ್ವ ಶೇಕಡಾ 14ರಷ್ಟು ಕಡಿಮೆಯಿತ್ತು. ಆದರೆ ಕಿಡ್ನಿ ತೊಂದರೆ ಇರುವವರು, ಪೊಟ್ಯಾಸಿಯಂ ಏರಿಸುವ ಬಿಪಿ ಮಾತ್ರೆ ತಿನ್ನುವವರು ಡಾಕ್ಟರನ್ನು ಕೇಳದೆ ಅದನ್ನು ಮುಟ್ಟಬಾರದು. ಪೊಟ್ಯಾಸಿಯಂ ಏರಿದರೆ ಹೃದಯವೇ ನಿಲ್ಲಬಹುದು.

ಬೇಸಿಗೆಯಲ್ಲಿ ಹೊಲದಲ್ಲಿ ದುಡಿಯುವವರು ಉಪ್ಪು ಹಾಕಿದ ಮಜ್ಜಿಗೆ ಕುಡಿಯಬಾರದೇ ಎಂದು ಒಬ್ಬರು ಕೇಳಿದರು. ಖಂಡಿತ ಕುಡಿಯಲಿ, ಅವರ ಬೆವರಿನಲ್ಲಿ ಉಪ್ಪು ಹೋಗುತ್ತಿರುತ್ತದೆ. ಫ್ಯಾನಿನ ಕೆಳಗೆ ಟಿವಿ ನೋಡುವ ನಮಗೆ ಆ ಲೆಕ್ಕ ಅನ್ವಯಿಸುವುದಿಲ್ಲ.

ಎಲ್ಲ ಮುಗಿದು ಕುರ್ಚಿ ಜೋಡಿಸುತ್ತಿದ್ದಾಗ ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಹತ್ತಿರ ಬಂದರು. ಅಂಗಿ ಜೇಬಿನಿಂದ ಮಾತ್ರೆಯ ಸ್ಟ್ರಿಪ್ ತೆಗೆದು, ಕನ್ನಡಕ ಮೇಲೇರಿಸಿ, ಕಣ್ಣಿಗೆ ಹತ್ತಿರ ಹಿಡಿದು ಓದಿದರು. "ಟೆಲ್ಮಿಸಾರ್ಟನ್ 40 ಅಂತಿದೆ. ಅದರ ಕೆಳಗೆ ಹೈಡ್ರೊ ಅಂತ ಏನೋ ಉದ್ದ ಹೆಸರು, 12.5. ನೀವು ಹೇಳಿದ್ದು ಇದೇನಾ ತಾಯಿ?"

ಹೌದು ಎಂದೆ. ಶುರು ಮಾಡಿ ಎಷ್ಟು ದಿನವಾಯಿತು ಎಂದು ಕೇಳಿದೆ. ಎರಡು ವಾರ. ತಲೆ ಭಾರ, ಓಕರಿಕೆ, ನಡೆಯುವಾಗ ಜೋಲಿ? ಅಂಥದ್ದೇನಿಲ್ಲ ಎಂದರು. "ನೀವಾಗಿ ನಿಲ್ಲಿಸಬೇಡಿ ಸರ್, ಬಿಪಿ ಏರುತ್ತೆ. ಈ ವಾರ ಸೋಡಿಯಂ, ಪೊಟ್ಯಾಸಿಯಂ, ಕ್ರಿಯೇಟಿನಿನ್ ಮೂರನ್ನೂ ಮಾಡಿಸಿ, ರಿಪೋರ್ಟು ಹಿಡಿದು ಮಾತ್ರೆ ಬರೆದ ಡಾಕ್ಟರ ಹತ್ತಿರವೇ ಹೋಗಿ. ಮಧ್ಯೆ ಮಂಪರು, ಓಕರಿಕೆ ಬಂದರೆ ಕಾಯಬೇಡಿ, ಅವತ್ತೇ ಹೋಗಿ" ಎಂದೆ.

ಸ್ಟ್ರಿಪ್ಪನ್ನು ಮಡಿಸಿ ಜೇಬಿಗಿಟ್ಟುಕೊಂಡು ಎರಡು ಹೆಜ್ಜೆ ಹೋದವರು ತಿರುಗಿ ನಿಂತರು. "ಬರಿಹೊಟ್ಟೇಲಿ ಹೋಗಬೇಕಾ?"

"ಈ ಪರೀಕ್ಷೆಗೆ ಉಪವಾಸ ಬೇಡ ಸರ್. ತಿಂಡಿ ತಿಂದ್ಕೊಂಡೇ ಹೋಗಿ."